ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಎರಡು ವಾರ ಆಯ್ತು, ಸದ್ದೇ ಇಲ್ಲ. ಕಂಪನಿಗೆ ಮತ್ತೆ ಬರೆಯಬಹುದಾ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಕೆಲಸ ಖಾಲಿ ಇದೆ ಅಂತ ನೋಡಿ, ಅವರ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಿದೆ. ತಕ್ಷಣ "ನಿಮ್ಮ ಅರ್ಜಿ ತಲುಪಿದೆ" ಅನ್ನುವ ಮೇಲ್ ಬಂತು. ಅದಾದ ಮೇಲೆ ಏನೂ ಇಲ್ಲ. ಲಾಗಿನ್ ಆಗಿ ನೋಡಿದರೆ "ಅಂಡರ್ ರಿವ್ಯೂ" ಅಂತ ತೋರಿಸುತ್ತದೆ. ಮೊದಲ ದಿನವೂ ಅದೇ ಇತ್ತು, ಇವತ್ತೂ ಅದೇ ಇದೆ.

ಈ ಕೆಲಸ ನನಗೆ ಚೆನ್ನಾಗಿ ಹೊಂದುತ್ತದೆ. ಅವರು ಕೇಳಿರುವಷ್ಟು ಅನುಭವ ಇದೆ, ಅವರು ಹೇಳಿರುವ ಸಾಫ್ಟ್‌ವೇರ್ ದಿನಾ ಬಳಸುತ್ತೇನೆ. ಹಾಗಾಗಿ ಕೈಕಟ್ಟಿ ಕೂರಲು ಮನಸ್ಸಿಲ್ಲ. ಮೇಲ್ ಮಾಡಬೇಕಾ, ಫೋನ್ ಮಾಡಬೇಕಾ, ಲಿಂಕ್ಡ್‌ಇನ್‌ನಲ್ಲಿ ಯಾರನ್ನಾದರೂ ಹುಡುಕಬೇಕಾ? ಮನೆಯವರು "ಕೇಳು, ಕೇಳಿದರೆ ಏನು ಹೋಗುತ್ತೆ" ಅಂತಾರೆ. ಗೆಳತಿ "ಸುಮ್ನೆ ಇರು, ಗತಿಯಿಲ್ಲದವಳ ಥರ ಕಾಣ್ತೀಯ" ಅಂತಾಳೆ. ಇಬ್ಬರಲ್ಲಿ ಯಾರ ಮಾತು ಕೇಳಲಿ?

ಸಂಜೆಪಾಳಿ

ಖಂಡಿತ ಕೇಳಿ. ಅಳೋ ಮಗೂಗೇ ಹಾಲು. ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡಿ, ಎಚ್‌ಆರ್‌ಗೆ ಕನೆಕ್ಟ್ ಮಾಡಿ ಅನ್ನಿ. ಮೇಲ್ ಯಾರೂ ಓದಲ್ಲ.

ಕಡತವಾಸಿ

ನಾನು ಎಚ್‌ಆರ್‌ನಲ್ಲೇ ಇರುವವನು. ಸಂಜೆಪಾಳಿಯವರೇ, ಆ ಗಾದೆಯಲ್ಲಿ ಮಗು ಒಂದೇ. ಇಲ್ಲಿ ಒಂದು ಕೆಲಸಕ್ಕೆ ನೂರಾರು ಜನ ಅಳುತ್ತಿರುತ್ತಾರೆ. ಎಲ್ಲರೂ ಫೋನ್ ಮಾಡಿದರೆ ನಾವು ಅರ್ಜಿ ನೋಡುವುದು ಯಾವಾಗ?

ನೀಲಿಶಾಯಿಯವರೇ, ಒಳಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಆಗ ಏನು ಮಾಡಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನೀವು ತುಂಬಿದ ಫಾರ್ಮ್ ಹೋಗಿ ಸೇರುವುದು ಅರ್ಜಿಗಳನ್ನು ನಿಭಾಯಿಸುವ ಒಂದು ಸಾಫ್ಟ್‌ವೇರ್‌ಗೆ. ವರ್ಕ್‌ಡೇ, ಗ್ರೀನ್‌ಹೌಸ್, ಟೇಲಿಯೊ ಹೀಗೆ ಹಲವು ಇವೆ. ಎಲ್ಲಕ್ಕೂ ಸೇರಿಸಿ ಎಟಿಎಸ್ ಅಂತಾರೆ. "ತಲುಪಿದೆ" ಅನ್ನುವ ಮೇಲ್ ಕಳಿಸುವುದು ಅದೇ. ಅದನ್ನು ಯಾರೂ ಕೂತು ಬರೆದಿರುವುದಿಲ್ಲ. ಆ ಮೇಲ್‌ಗೆ ರಿಪ್ಲೈ ಮಾಡಿದರೆ ಸಾಮಾನ್ಯವಾಗಿ ಯಾರಿಗೂ ಹೋಗುವುದಿಲ್ಲ. ವಿಳಾಸದಲ್ಲೇ "ನೋ ರಿಪ್ಲೈ" ಅಂತ ಇರುತ್ತದೆ, ನೋಡಿ.

"ಅಂಡರ್ ರಿವ್ಯೂ" ಅಂದರೆ ಯಾರೋ ನಿಮ್ಮ ರೆಸ್ಯೂಮೆ ಓದುತ್ತಾ ಕೂತಿದ್ದಾರೆ ಅಂತಲ್ಲ. ಎಷ್ಟೋ ಕಡೆ ಅರ್ಜಿ ಸೇರಿದ ಕ್ಷಣದಿಂದಲೇ ಅದು ಹಾಗೆ ತೋರಿಸುತ್ತದೆ. ನಿಮಗೆ ಆಗಿರುವುದೂ ಅದೇ. ರಿಕ್ರೂಟರ್ ಒಳಗೆ ಸ್ಟೇಟಸ್ ಬದಲಿಸುವವರೆಗೆ ನಿಮ್ಮ ಕಡೆ ಏನೂ ಅಲುಗಾಡುವುದಿಲ್ಲ. ಕೆಲವು ರಿಕ್ರೂಟರ್‌ಗಳು ಕೆಲಸ ಭರ್ತಿಯಾದ ಮೇಲೆ ಎಲ್ಲರ ಸ್ಟೇಟಸನ್ನೂ ಒಟ್ಟಿಗೆ ಬದಲಿಸುತ್ತಾರೆ. ಕೆಲವರು ಬದಲಿಸುವುದೇ ಇಲ್ಲ. ಹಾಗಾಗಿ ದಿನಾ ಲಾಗಿನ್ ಆಗಿ ನೋಡುವುದು ದಂಡ.

ಇನ್ನೊಂದು. ರಿಕ್ರೂಟರ್ ಬೇರೆ, ಕೆಲಸಕ್ಕೆ ಆಳು ಬೇಕು ಅಂದ ಮ್ಯಾನೇಜರ್ ಬೇರೆ. ಒಬ್ಬ ರಿಕ್ರೂಟರ್ ಕೈಯಲ್ಲಿ ಏಕಕಾಲಕ್ಕೆ ಹಲವು ಹುದ್ದೆ ಇರುತ್ತವೆ. ಪಟ್ಟಿ ಮಾಡಿ ಮ್ಯಾನೇಜರ್‌ಗೆ ಕಳಿಸಿ, ಅವರ ಉತ್ತರಕ್ಕೆ ನಾವೂ ನಿಮ್ಮ ಹಾಗೇ ಕಾಯುತ್ತೇವೆ. ಬಜೆಟ್ ತಡೆ ಹಿಡಿದಿರಬಹುದು. ಒಳಗಿನವರೇ ಯಾರೋ ಆ ಜಾಗಕ್ಕೆ ಬರುವ ಮಾತು ನಡೆದಿರಬಹುದು. ಸುಮ್ಮನಿರುವುದಕ್ಕೆ ಹತ್ತು ಕಾರಣ ಇರುತ್ತವೆ. ಅದರಲ್ಲಿ ನೀವು ಬೇಡ ಅನ್ನುವುದು ಒಂದು ಮಾತ್ರ.

ಬರೆಯಬಹುದಾ ಅಂದರೆ, ಬರೆಯಬಹುದು. ಒಂದೇ ಸಲ, ಚಿಕ್ಕದಾಗಿ. ಓದಿದವರಿಗೆ ಏನಾದರೂ ಉಪಯೋಗ ಆಗುವ ಹಾಗೆ.

ಮೂರನೇಬೆಂಚು

ನನ್ನದೊಂದು ಪ್ರಶ್ನೆ. ಜಾಹೀರಾತಿನಲ್ಲಿ ಕೊನೆಯ ದಿನಾಂಕ ಇದೆಯಾ? ಎರಡು ವಾರ ಅಂತ ಎಣಿಸುವುದು ಎಲ್ಲಿಂದ ಅನ್ನುವುದೇ ಮುಖ್ಯ ಅಲ್ವಾ? ಕೆಲವು ಕಂಪನಿಗಳು ಅರ್ಜಿ ಬಂದ ಹಾಗೆ ನೋಡುತ್ತಾ ಹೋಗುತ್ತವೆ. ಕೆಲವು ಕಡೆ ಕೊನೆಯ ದಿನಾಂಕ ಮುಗಿಯುವವರೆಗೆ ಫೈಲ್ ತೆರೆಯುವುದೇ ಇಲ್ಲ. ಎರಡನೇ ಥರದವರಿಗೆ ಈಗಲೇ ಬರೆದರೆ "ಇನ್ನೂ ಶುರುವೇ ಆಗಿಲ್ಲ" ಅನ್ನುವುದು ಬಿಟ್ಟು ಅವರ ಹತ್ತಿರ ಬೇರೆ ಉತ್ತರ ಇರುವುದಿಲ್ಲ.

ನೀಲಿಶಾಯಿ

ಅಯ್ಯೋ, ಅದನ್ನು ನೋಡಿರಲೇ ಇಲ್ಲ. ಈಗ ತೆರೆದು ನೋಡಿದೆ. ಬರುವ ಶುಕ್ರವಾರ ಕೊನೆಯ ದಿನ. ಜಾಹೀರಾತು ಇನ್ನೂ ಹಾಗೇ ಇದೆ.

ಮೂರನೇಬೆಂಚು

ಹಾಗಾದರೆ ನೀವೂ ಇನ್ನೂ ತಡ ಮಾಡಿಲ್ಲ, ಅವರೂ ಮಾಡಿಲ್ಲ. ಶುಕ್ರವಾರ ಮುಗಿದು ಒಂದು ವಾರ ಬಿಡಿ. ಆಮೇಲೆ ಮೇಲ್ ಮಾಡಿ. ದಿನಾಂಕ ಕೊಡದ ಜಾಹೀರಾತಾದರೆ ಅರ್ಜಿ ಹಾಕಿದ ದಿನದಿಂದ ಒಂದರಿಂದ ಎರಡು ವಾರ ಅಂತ ಇಟ್ಟುಕೊಳ್ಳಬಹುದು. ಜಾಹೀರಾತಿನಲ್ಲಿ "ದಯವಿಟ್ಟು ಕರೆ ಮಾಡಬೇಡಿ" ಅಥವಾ "ಆಯ್ಕೆಯಾದವರನ್ನು ಮಾತ್ರ ಸಂಪರ್ಕಿಸುತ್ತೇವೆ" ಅಂತ ಇದೆಯಾ, ಅದನ್ನೂ ನೋಡಿಬಿಡಿ. ಕರೆ ಬೇಡ ಅಂದಲ್ಲಿ ಕರೆ ಮಾಡುವವರು, ಸೂಚನೆ ಓದದವರು ಅಂತ ತಾವೇ ತೋರಿಸಿಕೊಂಡ ಹಾಗೆ.

ಜಾಹೀರಾತನ್ನು ಈಗಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ದಿನಾಂಕ ಮುಗಿದ ಮೇಲೆ ಪೇಜ್ ಮಾಯವಾಗುತ್ತದೆ. ಇಂಟರ್‌ವ್ಯೂಗೆ ಕರೆದಾಗ ಅವರು ಏನು ಕೇಳಿದ್ದರು ಅಂತ ನೋಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಎಕ್ಸೆಲ್‌ಪ್ರಿಯ

ಅದಕ್ಕೂ ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಿ. ಪ್ರಮೋಷನ್ಸ್ ಟ್ಯಾಬ್ ಕೂಡ. ಎಟಿಎಸ್‌ನಿಂದ ಬರುವ ಮೇಲ್ ಮಷೀನ್ ಕಳಿಸಿದ್ದು, ಹಾಗಾಗಿ ಅಲ್ಲಿ ಹೋಗಿ ಕೂರುವುದು ಜಾಸ್ತಿ. ಕೆಲವು ಕಂಪನಿಗಳು ಅರ್ಜಿ ಆದ ಮೇಲೆ ಆನ್‌ಲೈನ್ ಟೆಸ್ಟ್ ಲಿಂಕ್ ಕಳಿಸುತ್ತವೆ. ಅದಕ್ಕೆ ಗಡುವು ಇರುತ್ತದೆ. ಟೆಸ್ಟ್ ಲಿಂಕ್ ಸ್ಪ್ಯಾಮ್‌ನಲ್ಲಿ ಬಿದ್ದಿರುವಾಗ "ಏನಾಯ್ತು" ಅಂತ ಕೇಳಿದರೆ ಚೆನ್ನಾಗಿರಲ್ಲ.

ನೀವು ಹಾಕಿದ ಅರ್ಜಿಯನ್ನೂ ಒಮ್ಮೆ ತೆರೆದು ನೋಡಿ. ಫೋನ್ ನಂಬರ್ ಸರಿ ಇದೆಯಾ? ಡ್ರೈವ್ ಲಿಂಕ್ ಏನಾದರೂ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಬೇರೆಯವರಿಗೆ ಅದು ತೆರೆಯುತ್ತದಾ? "ಪರ್ಮಿಷನ್ ಕೇಳಿ" ಅಂತ ಬಂದರೆ ಯಾವ ರಿಕ್ರೂಟರೂ ಕೇಳುತ್ತಾ ಕೂರುವುದಿಲ್ಲ. ಮುಂದಿನ ಅರ್ಜಿಗೆ ಹೋಗುತ್ತಾರೆ.

ಬೆಟ್ಟದಹಾದಿ

ಒಂದು ಅನುಮಾನ. ಶೇ. 75ರಷ್ಟು ರೆಸ್ಯೂಮೆಗಳನ್ನು ಮನುಷ್ಯರು ನೋಡುವ ಮೊದಲೇ ಸಾಫ್ಟ್‌ವೇರ್ ತಿರಸ್ಕರಿಸುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಹಾಗಿದ್ದರೆ ಮೇಲ್ ಮಾಡಿ ಏನು ಪ್ರಯೋಜನ?

ಕಡತವಾಸಿ

ಆ ಅಂಕಿಗೆ ಗಟ್ಟಿ ಆಧಾರ ಇಲ್ಲ. ರೆಸ್ಯೂಮೆ ತಿದ್ದಿಕೊಡುವ ಸೇವೆ ಮಾರುವವರು ಅದನ್ನು ಬಹಳ ಇಷ್ಟಪಟ್ಟು ಹೇಳುತ್ತಾರೆ. ನಿಜವಾಗಿ ತಾನಾಗಿಯೇ ಹೊರಗೆ ಹಾಕುವುದು ಸಾಮಾನ್ಯವಾಗಿ ಫಾರ್ಮ್‌ನಲ್ಲಿರುವ ಹೌದು-ಇಲ್ಲ ಪ್ರಶ್ನೆಗಳು. ಲೈಸೆನ್ಸ್ ಇದೆಯಾ, ಇಲ್ಲಿ ಕೆಲಸ ಮಾಡಲು ಕಾನೂನು ಪ್ರಕಾರ ಅನುಮತಿ ಇದೆಯಾ, ರಾತ್ರಿ ಪಾಳಿ ಆಗುತ್ತದಾ ಇಂಥವು. ಅಲ್ಲಿ "ಇಲ್ಲ" ಅಂದಿದ್ದರೆ ಕೆಲವು ಕಡೆ ಅಲ್ಲಿಗೇ ಮುಗಿಯಿತು. ಉಳಿದಂತೆ ಸಾಫ್ಟ್‌ವೇರ್ ಹುಡುಕಲು, ಜೋಡಿಸಲು ನೆರವಾಗುತ್ತದೆ. ಕೆಲವು ಹೊಂದಾಣಿಕೆಯ ಅಂಕ ಕೊಟ್ಟು ಮೇಲೆ ಕೆಳಗೆ ಇಡುತ್ತವೆ. ಕೆಳಗೆ ಬಿದ್ದ ಅರ್ಜಿಯನ್ನು ಯಾರೂ ತಲುಪದೇ ಇರಬಹುದು. ತಿರಸ್ಕಾರ ಆಗಿಲ್ಲ, ಆದರೆ ಯಾರೂ ನೋಡಿಯೂ ಇಲ್ಲ. ಒಳ್ಳೆ ಮೇಲ್ ಕೆಲಸಕ್ಕೆ ಬರುವುದು ಅಲ್ಲೇ. ಹೆಸರು ಹಾಕಿ ಹುಡುಕಿ ಅರ್ಜಿ ತೆರೆಯಲು ನನಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಕೊಡಬೇಕು ಅನ್ನಿಸುವ ಹಾಗೆ ಮೇಲ್ ಇರಬೇಕು, ಅಷ್ಟೇ.

ನೀಲಿಶಾಯಿ

ಸ್ಪ್ಯಾಮ್‌ನಲ್ಲಿ ಏನೂ ಇಲ್ಲ, ನಂಬರ್ ಸರಿ ಇದೆ. ಮೇಲ್ ಹೀಗೆ ಬರೆದಿದ್ದೇನೆ. ಶುಕ್ರವಾರ ಮುಗಿಯುವವರೆಗೆ ಕಳಿಸುವುದಿಲ್ಲ. ನೋಡಿ ಹೇಳಿ:

"ಗೌರವಾನ್ವಿತರೇ, ನಾನು ಇತ್ತೀಚೆಗೆ ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಒಂದು ಹುದ್ದೆಗೆ ಅರ್ಜಿ ಸಲ್ಲಿಸಿದ್ದೆ. ಇಲ್ಲಿಯವರೆಗೆ ಯಾವುದೇ ಉತ್ತರ ಬಂದಿಲ್ಲ. ನನ್ನ ಅರ್ಜಿಯ ಸ್ಥಿತಿಯನ್ನು ಆದಷ್ಟು ಬೇಗ ತಿಳಿಸಬೇಕಾಗಿ ವಿನಂತಿ. ನಾನು ಕಷ್ಟಪಟ್ಟು ಕೆಲಸ ಮಾಡುವವಳು. ಒಂದು ಅವಕಾಶ ಕೊಟ್ಟರೆ ಸದಾ ಋಣಿಯಾಗಿರುತ್ತೇನೆ."

ಸಂಜೆಪಾಳಿ

ವಿನಯವಾಗಿ ಇದೆ. ಚೆನ್ನಾಗಿದೆ.

ಕಡತವಾಸಿ

ವಿನಯ ಇದೆ. ಆದರೆ ಇದು ನನ್ನ ಮೇಲ್‌ಗೆ ಬಂದರೆ ನಾನು ಏನೂ ಮಾಡಲು ಆಗುವುದಿಲ್ಲ. "ಒಂದು ಹುದ್ದೆ" ಅಂದರೆ ಯಾವುದು? ನನ್ನ ಕೈಯಲ್ಲಿ ಹತ್ತಾರು ಇವೆ. ಅರ್ಜಿಯಲ್ಲಿ ಕೊಟ್ಟ ಹೆಸರು ಯಾವುದು? ಮೇಲ್ ಐಡಿಯಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಹುಡುಕುವುದು ಹೇಗೆ? ಜಾಹೀರಾತಿನಲ್ಲಿ ಜಾಬ್ ಐಡಿ ಇರುತ್ತದೆ. ಅದನ್ನು ಸಬ್ಜೆಕ್ಟ್ ಲೈನ್‌ನಲ್ಲೇ ಹಾಕಿ.

"ಇಲ್ಲಿಯವರೆಗೆ ಉತ್ತರ ಬಂದಿಲ್ಲ" ಅನ್ನುವುದು ದೂರಿನ ಹಾಗೆ ಕೇಳುತ್ತದೆ. ತೆಗೆಯಿರಿ. "ಪ್ರತಿಷ್ಠಿತ ಸಂಸ್ಥೆ" ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ, ನಮ್ಮ ಕಣ್ಣು ಅದನ್ನು ದಾಟಿಕೊಂಡೇ ಹೋಗುತ್ತದೆ. "ಆದಷ್ಟು ಬೇಗ", "ಸದಾ ಋಣಿ" ಎರಡೂ ಬೇಡ. ನೀವು ಕೆಲಸ ಕೇಳುತ್ತಿದ್ದೀರಿ, ಸಾಲ ಅಲ್ಲ. ಕಷ್ಟಪಟ್ಟು ದುಡಿಯುವವಳು ಅಂತ ನೀವೇ ಹೇಳಿದರೆ ನಂಬಲು ಆಧಾರ ಏನು? ಅದೇ ಜಾಗದಲ್ಲಿ, ಅವರು ಕೇಳಿದ್ದಕ್ಕೂ ನೀವು ಈಗ ಮಾಡುತ್ತಿರುವುದಕ್ಕೂ ಇರುವ ನಂಟನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಸಬ್ಜೆಕ್ಟ್: ಹುದ್ದೆಯ ಹೆಸರು, ಜಾಬ್ ಐಡಿ, ನಿಮ್ಮ ಹೆಸರು. ಬೇರೆ ಏನೂ ಬೇಡ. ಒಳಗೆ:

"ನಮಸ್ಕಾರ. ಮೇಲಿನ ಹುದ್ದೆಗೆ ನಿಮ್ಮ ವೆಬ್‌ಸೈಟ್ ಮೂಲಕ ಇಂಥ ದಿನ ಅರ್ಜಿ ಹಾಕಿದ್ದೇನೆ. ಸರಬರಾಜುದಾರರ ಕೊಟೇಶನ್ ಹೋಲಿಸಿ ಆರ್ಡರ್ ಕೊಡುವುದು, ಸ್ಟಾಕ್ ಲೆಕ್ಕ ನೋಡುವುದು ಎರಡನ್ನೂ ಈಗಿನ ಕೆಲಸದಲ್ಲಿ ನಾನೇ ಮಾಡುತ್ತಿದ್ದೇನೆ. ನೀವು ಜಾಹೀರಾತಿನಲ್ಲಿ ಹೇಳಿರುವ ಸಾಫ್ಟ್‌ವೇರ್‌ನಲ್ಲೇ. ಈ ಹುದ್ದೆಯ ಆಯ್ಕೆ ಈಗ ಯಾವ ಹಂತದಲ್ಲಿದೆ ಅಂತ ತಿಳಿಸಲು ಆಗುತ್ತದೆಯೇ? ನನ್ನಿಂದ ಇನ್ನೇನಾದರೂ ಮಾಹಿತಿ ಬೇಕಿದ್ದರೆ ಕಳಿಸುತ್ತೇನೆ." ಕೆಳಗೆ ಹೆಸರು, ಫೋನ್ ನಂಬರ್.

"ನನ್ನ ಅರ್ಜಿ ಏನಾಯ್ತು" ಅಂದರೆ ಹೌದು ಅಥವಾ ಇಲ್ಲ ಅನ್ನಬೇಕು. ಎರಡನ್ನೂ ಹೇಳುವ ಅಧಿಕಾರ ಆ ಹೊತ್ತಿಗೆ ನನಗೆ ಇರುವುದಿಲ್ಲ. ಹಾಗಾಗಿ ಉತ್ತರವೇ ಕೊಡುವುದಿಲ್ಲ. "ಆಯ್ಕೆ ಯಾವ ಹಂತದಲ್ಲಿದೆ" ಅಂದರೆ ಒಂದು ಸಾಲಿನಲ್ಲಿ ಹೇಳಬಹುದು. ಕೇಳುವ ರೀತಿಯಲ್ಲಿ ಅಷ್ಟು ವ್ಯತ್ಯಾಸ ಇದೆ.

ಬೆಟ್ಟದಹಾದಿ

ಜಾಹೀರಾತು ಯಾವ ಭಾಷೆಯಲ್ಲಿತ್ತೋ ಮೇಲ್ ಕೂಡ ಅದೇ ಭಾಷೆಯಲ್ಲಿ ಇರಲಿ. ರೆಸ್ಯೂಮೆ ಮತ್ತೆ ಲಗತ್ತಿಸಬೇಕಾ?

ಕಡತವಾಸಿ

ಲಗತ್ತಿಸಿದರೆ ತಪ್ಪಿಲ್ಲ, ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು ಇರಲಿ. "ರೆಸ್ಯೂಮೆ ಫೈನಲ್ ಹೊಸದು 2" ಅಂತ ಬೇಡ. ದಿನಾ ನೋಡುತ್ತೇನೆ ಅಂಥವನ್ನು. ಆದರೆ ಅರ್ಜಿಯಲ್ಲಿ ಇದ್ದದ್ದೇ ಇರಲಿ. ಬೇರೆ ದಿನಾಂಕ, ಬೇರೆ ಹುದ್ದೆ ಇರುವ ರೆಸ್ಯೂಮೆ ಕಳಿಸಿದರೆ ಯಾವುದು ನಿಜ ಅನ್ನುವ ಪ್ರಶ್ನೆ ಬರುತ್ತದೆ.

ನೀಲಿಶಾಯಿ

ತುಂಬಾ ಉಪಕಾರವಾಯಿತು. ಆದರೆ ಕಳಿಸುವುದು ಯಾರಿಗೆ? ವೆಬ್‌ಸೈಟ್‌ನಲ್ಲಿ ಎಚ್‌ಆರ್ ಮೇಲ್ ಐಡಿ ಇಲ್ಲ.

ಎಕ್ಸೆಲ್‌ಪ್ರಿಯ

ಅದೇ ಹುದ್ದೆ ಲಿಂಕ್ಡ್‌ಇನ್‌ನಲ್ಲೂ ಇದೆಯಾ ನೋಡಿ. ಎಷ್ಟೋ ಸಲ ಅಲ್ಲಿ ಹಾಕಿದವರ ಹೆಸರು ತೋರಿಸುತ್ತದೆ. ಅವರು ರಿಕ್ರೂಟರ್ ಆಗಿದ್ದರೆ ಅವರಿಗೇ ಬರೆಯಿರಿ. ಕನೆಕ್ಷನ್ ರಿಕ್ವೆಸ್ಟ್ ಜೊತೆ ಚಿಕ್ಕ ನೋಟ್ ಹಾಕಬಹುದು, ಅಲ್ಲಿ ಜಾಗ ಕಡಿಮೆ. ಹುದ್ದೆ, ಜಾಬ್ ಐಡಿ, ಒಂದು ವಾಕ್ಯ. ಸಾಕು.

ಲಿಂಕ್ಡ್‌ಇನ್ ಒಳಗೇ ಅರ್ಜಿ ಹಾಕಿದವರಿಗೆ ಇನ್ನೊಂದು ಮಾತು. ಅಲ್ಲಿ "ಅರ್ಜಿ ನೋಡಿದ್ದಾರೆ", "ರೆಸ್ಯೂಮೆ ಡೌನ್‌ಲೋಡ್ ಆಗಿದೆ" ಅಂತ ಬರುವುದುಂಟು. ಅದು ಬಂತು ಅಂತ ಹಬ್ಬ ಮಾಡಬೇಡಿ, ಬರಲಿಲ್ಲ ಅಂತ ಅಳಲೂ ಬೇಡಿ. ಒಟ್ಟಿಗೆ ಎಲ್ಲವನ್ನೂ ಡೌನ್‌ಲೋಡ್ ಮಾಡುವವರೂ ಇದ್ದಾರೆ.

ಸಂಜೆಪಾಳಿ

ರಿಕ್ರೂಟರ್ ಯಾಕೆ? ಪರ್ಚೇಸ್ ಮ್ಯಾನೇಜರ್‌ಗೇ ಬರೆದರೆ ಆಗಲ್ವಾ? ಮೇಲ್ ಐಡಿ ಊಹಿಸಬಹುದು. ಹೆಸರು ಚುಕ್ಕಿ ಸರ್‌ನೇಮ್, ಕಂಪನಿ ಹೆಸರು. ನಾನು ಹಾಗೆ ಮಾಡಿ ಇಂಟರ್‌ವ್ಯೂ ಗಿಟ್ಟಿಸಿದ್ದೇನೆ. ಫೋನ್ ಕೂಡ ಮಾಡಿದ್ದೆ. ಚಿಕ್ಕ ಕಂಪನಿ, ಮಾಲೀಕರೇ ಎತ್ತಿದರು. "ನಾಳೆ ಬನ್ನಿ" ಅಂದರು.

ಮೂರನೇಬೆಂಚು

ನಿಮ್ಮ ಮಾತಿನಲ್ಲೇ ಉತ್ತರ ಇದೆ. ಚಿಕ್ಕ ಕಂಪನಿ. ಎಚ್‌ಆರ್ ಅಂತ ಬೇರೆ ಇಲ್ಲದ ಕಡೆ, ಅಂಗಡಿ, ಕ್ಲಿನಿಕ್, ಹೋಟೆಲ್ ಕೆಲಸಗಳಿಗೆ ಫೋನ್ ಮಾಡುವುದು, ನೇರ ಹೋಗಿ ಮಾತಾಡುವುದು ಈಗಲೂ ನಡೆಯುತ್ತದೆ. ಅಲ್ಲೂ ಅವರಿಗೆ ಜನಜಂಗುಳಿ ಇರುವ ಹೊತ್ತು ಬಿಟ್ಟು ಹೋಗಬೇಕು. ದೊಡ್ಡ ಕಡೆ ರಿಸೆಪ್ಷನ್‌ನವರು "ಆನ್‌ಲೈನ್‌ನಲ್ಲಿ ನೋಡಿ" ಅಂತ ಹೇಳಿ ಇಡುತ್ತಾರೆ.

ಕಡತವಾಸಿ

ಒಪ್ಪುತ್ತೇನೆ. ಮ್ಯಾನೇಜರ್‌ಗೆ ಬರೆಯುವ ಬಗ್ಗೆ: ಕೆಲವರಿಗೆ ಖುಷಿ, ಕೆಲವರು ಒಂದಕ್ಷರ ಓದದೆ ನಮಗೆ ಫಾರ್ವರ್ಡ್ ಮಾಡುತ್ತಾರೆ. ಬರೆಯುವುದಿದ್ದರೆ ರಿಕ್ರೂಟರ್ ಅಥವಾ ಮ್ಯಾನೇಜರ್, ಒಬ್ಬರಿಗೆ ಮಾತ್ರ. ಒಂದೇ ಮೇಲನ್ನು ಕಂಪನಿಯ ಐದಾರು ಜನಕ್ಕೆ ಕಳಿಸಿದರೆ ಅವರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಮತ್ತೆ, ವಾಟ್ಸ್‌ಆ್ಯಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ರಿಕ್ರೂಟರನ್ನು ಹುಡುಕಿ ಬರೆಯುವುದು ದಯವಿಟ್ಟು ಬೇಡ. ಅದು ಅವರ ಮನೆ.

ಇವೆಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ರೆಫರಲ್, ಅಂದರೆ ಒಳಗೆ ಕೆಲಸ ಮಾಡುವವರ ಶಿಫಾರಸು. ಆ ಕಂಪನಿಯಲ್ಲಿ ಗೊತ್ತಿರುವವರು ಇದ್ದಾರಾ? ಅರ್ಜಿ ಹಾಕುವ ಮೊದಲೇ ಕೇಳಬೇಕು. ಕೆಲವು ಕಂಪನಿಗಳಲ್ಲಿ ಅರ್ಜಿ ಹಾಕಿದ ಮೇಲೆ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಒಳಗಿನವರು ಒಂದು ಮಾತು ಹೇಳಿದರೆ ಅರ್ಜಿ ತೆರೆಯುತ್ತದೆ.

ಬೆಟ್ಟದಹಾದಿ

ಉತ್ತರವನ್ನೇ ಕೊಡದೆ ಇರುವುದು ಕಂಪನಿಗಳ ಸೊಕ್ಕು ಅಂತ ನನಗನ್ನಿಸುತ್ತದೆ. ಇಷ್ಟೆಲ್ಲ ಸಾಫ್ಟ್‌ವೇರ್ ಇದೆ. "ಆಯ್ಕೆಯಾಗಿಲ್ಲ" ಅಂತ ಒಂದು ಬಟನ್ ಒತ್ತಲು ಏನು ಕಷ್ಟ? ನಾವು ಗಂಟೆಗಟ್ಟಲೆ ಕೂತು ಫಾರ್ಮ್ ತುಂಬಬೇಕು, ರೆಸ್ಯೂಮೆ ಅಪ್‌ಲೋಡ್ ಮಾಡಿದ ಮೇಲೂ ಅದರಲ್ಲಿರುವುದನ್ನೇ ಮತ್ತೆ ಟೈಪ್ ಮಾಡಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಇದಕ್ಕೆ ಕಾನೂನೇ ಬಂದಿದೆ. 25 ಅಥವಾ ಹೆಚ್ಚು ನೌಕರರಿರುವ ಕಂಪನಿ, ಜಾಹೀರಾತು ಕೊಟ್ಟ ಕೆಲಸಕ್ಕೆ ಇಂಟರ್‌ವ್ಯೂ ಮಾಡಿದರೆ, 45 ದಿನದೊಳಗೆ ಆ ಅಭ್ಯರ್ಥಿಗೆ ನಿರ್ಧಾರ ಆಗಿದೆಯೋ ಇಲ್ಲವೋ ತಿಳಿಸಬೇಕು. ಕೆಲಸ ನಿಜವಾಗಿ ಖಾಲಿ ಇದೆಯಾ ಅಂತಲೂ ಜಾಹೀರಾತಿನಲ್ಲಿ ಹೇಳಬೇಕು. ಎಲ್ಲ ಕಡೆ ಬರಬೇಕು ಇದು.

ಕಡತವಾಸಿ

ಬಂದರೆ ನನಗೂ ಸಂತೋಷ. ಮೇಲಿನವರಿಗೆ ತೋರಿಸಲು ಕಾಗದ ಸಿಗುತ್ತದೆ. ಆದರೆ ನೋಡಿ, ಅಲ್ಲೂ ಉತ್ತರ ಕೊಡಬೇಕಾದದ್ದು ಇಂಟರ್‌ವ್ಯೂ ಆದವರಿಗೆ. ಅರ್ಜಿ ಮಾತ್ರ ಹಾಕಿದವರಿಗೆ ಅಲ್ಲ. ಬಟನ್ ಯಾಕೆ ಒತ್ತುವುದಿಲ್ಲ ಅಂದರೆ, ಮೊದಲು ಆರಿಸಿದವರು ಬರುವುದಿಲ್ಲ ಅಂದುಬಿಟ್ಟರೆ ಮತ್ತೆ ಉಳಿದವರ ಕಡೆ ತಿರುಗಬೇಕಲ್ಲ ಅನ್ನುವ ಭಯ. ಸರಿ ಅಂತ ಹೇಳುತ್ತಿಲ್ಲ, ನಡೆಯುವುದು ಹಾಗೆ. ಖಾಲಿ ಇಲ್ಲದಿದ್ದರೂ ಅರ್ಜಿ ಕೂಡಿಡಲು ಹಾಕಿದ ಜಾಹೀರಾತುಗಳೂ ಇವೆ. ತಿಂಗಳುಗಟ್ಟಲೆ ಅದೇ ಜಾಹೀರಾತು ಮತ್ತೆ ಮತ್ತೆ ಹೊಸ ದಿನಾಂಕದಲ್ಲಿ ಬರುತ್ತಿದ್ದರೆ ಅನುಮಾನ ಇರಲಿ.

ನೀಲಿಶಾಯಿ

ಒಂದು ಹೊಸ ಸುದ್ದಿ. ಇನ್ನೂ ಮೇಲ್ ಕಳಿಸಿಲ್ಲ, ಆದರೆ ಇವತ್ತು ಒಂದು ಮೆಸೇಜ್ ಬಂತು. ಆ ಕಂಪನಿಯ ಎಚ್‌ಆರ್ ಅಂತ ಹೇಳಿಕೊಂಡಿದ್ದಾರೆ. ನಾನು ಶಾರ್ಟ್‌ಲಿಸ್ಟ್ ಆಗಿದ್ದೇನಂತೆ, ದಾಖಲೆ ಪರಿಶೀಲನೆಗೆ ಸ್ವಲ್ಪ ಹಣ ಕಟ್ಟಬೇಕಂತೆ, ಆಮೇಲೆ ವಾಪಸ್ ಕೊಡುತ್ತಾರಂತೆ. ಮೇಲ್ ಐಡಿ ಜಿಮೇಲ್.

ಎಕ್ಸೆಲ್‌ಪ್ರಿಯ

ಕಟ್ಟಬೇಡಿ! ಇದು ಮೋಸ. ಕೆಲಸ ಕೊಡುವವರು ಹಣ ಕೇಳುವುದಿಲ್ಲ.

ಕಡತವಾಸಿ

ಎಕ್ಸೆಲ್‌ಪ್ರಿಯ ಹೇಳಿದ್ದೇ ಸರಿ. ಉತ್ತರವನ್ನೂ ಕೊಡಬೇಡಿ, ಗುರುತಿನ ಚೀಟಿ, ಬ್ಯಾಂಕ್ ವಿವರ ಏನೂ ಕಳಿಸಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ರಿಕ್ರೂಟರ್‌ಗೆ ಬರೆಯುವಾಗ "ನಿಮ್ಮ ಹೆಸರಿನಲ್ಲಿ ಇಂಥ ಮೆಸೇಜ್ ಬಂದಿದೆ" ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಅದು ನಮಗೆ ನಿಜಕ್ಕೂ ಬೇಕಾದ ಮಾಹಿತಿ. ಕಾಯುತ್ತಿರುವವರನ್ನೇ ಇವರು ಹಿಡಿಯುವುದು. ಅರ್ಜಿ ಹಾಕಿರುತ್ತೀರಿ, ಉತ್ತರ ಬರಲಿ ಅಂತ ಆಸೆ ಇರುತ್ತದೆ, ಬಂದ ಕೂಡಲೇ ನಂಬಿಬಿಡುತ್ತೀರಿ.

ನೀಲಿಶಾಯಿ

ಬ್ಲಾಕ್ ಮಾಡಿದೆ. ಧನ್ಯವಾದ.

ನೀಲಿಶಾಯಿ

ಮುಂದಿನ ಕಥೆ ಹೇಳಿಬಿಡುತ್ತೇನೆ. ಕೊನೆಯ ದಿನಾಂಕ ಮುಗಿದು ಒಂದು ವಾರ ಬಿಟ್ಟು, ಲಿಂಕ್ಡ್‌ಇನ್‌ನಲ್ಲಿ ಸಿಕ್ಕ ರಿಕ್ರೂಟರ್‌ಗೆ ಕಳಿಸಿದೆ. ಕಡತವಾಸಿಯವರು ಬರೆದುಕೊಟ್ಟ ಹಾಗೇ, ನನ್ನ ಮಾತಿನಲ್ಲಿ. ಮಾರನೇ ದಿನವೇ ಉತ್ತರ ಬಂತು. ಮ್ಯಾನೇಜರ್ ರಜೆಯಲ್ಲಿದ್ದಾರೆ, ಶಾರ್ಟ್‌ಲಿಸ್ಟ್ ಇನ್ನೂ ಆಗಿಲ್ಲ, ನಿಮ್ಮ ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿದ್ದಾರೆ. ಆ ಮೋಸದ ಮೆಸೇಜ್ ಬಗ್ಗೆ ಪ್ರತ್ಯೇಕವಾಗಿ ಥ್ಯಾಂಕ್ಸ್ ಹೇಳಿದ್ದಾರೆ. ನೋಟಿಸ್ ಪೀರಿಯಡ್ ಕಡಿಮೆ ಹೇಳಿದರೆ ಒಳ್ಳೆಯದಾ? ನನ್ನದು ಎರಡು ತಿಂಗಳು.

ಕಡತವಾಸಿ

ಎರಡು ತಿಂಗಳು ಅಂತಲೇ ಹೇಳಿ. ಈಗಿನ ಕಂಪನಿ ಬೇಗ ಬಿಡುವ ಸಾಧ್ಯತೆ ನಿಜವಾಗಿ ಇದ್ದರೆ ಅದನ್ನೂ ಸೇರಿಸಿ. ಸುಳ್ಳು ಹೇಳಿದರೆ ಆಫರ್ ಲೆಟರ್ ಹೊತ್ತಿಗೆ ಹೇಗೂ ಹೊರಗೆ ಬರುತ್ತದೆ. ಅದೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸ ಮೇಲ್ ಶುರು ಮಾಡಬೇಡಿ. ಮ್ಯಾನೇಜರ್ ಯಾವಾಗ ಬರುತ್ತಾರೆ ಅಂತ ಹೇಳಿದ್ದಾರಾ?

ನೀಲಿಶಾಯಿ

ಹೇಳಿದ್ದಾರೆ, ತಿಂಗಳ ಕೊನೆಗೆ.

ಕಡತವಾಸಿ

ಹಾಗಾದರೆ ಮುಂದಿನ ತಿಂಗಳ ಎರಡನೇ ವಾರದವರೆಗೆ ಏನೂ ಬರೆಯಬೇಡಿ. ಆಮೇಲೂ ಸದ್ದಿಲ್ಲದಿದ್ದರೆ ಅದೇ ಮೇಲ್‌ನಲ್ಲಿ ಎರಡು ಸಾಲು. ಅದಕ್ಕೂ ಉತ್ತರ ಬರದಿದ್ದರೆ ನಿಮ್ಮ ಪಟ್ಟಿಯಲ್ಲಿ ಅದನ್ನು ಮುಗಿದ ಲೆಕ್ಕಕ್ಕೆ ಹಾಕಿ. ಈ ನಡುವೆ ಬೇರೆ ಕಡೆಯಿಂದ ಆಫರ್ ಬಂದರೆ ಮಾತ್ರ ಕಾಯದೆ ತಿಳಿಸಿ, ಇಂಥ ದಿನದೊಳಗೆ ಉತ್ತರ ಕೊಡಬೇಕಾಗಿದೆ ಅಂತ. ನಿಜವಾದ ಆಫರ್ ಇದ್ದರೆ ಮಾತ್ರ. ಬೇರೆ ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ ತಾನೇ?

ನೀಲಿಶಾಯಿ

ನಿಲ್ಲಿಸಿಲ್ಲ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದೇನೆ. ಹುದ್ದೆ, ಜಾಬ್ ಐಡಿ, ಕೊನೆಯ ದಿನಾಂಕ, ಯಾರಿಗೆ ಯಾವಾಗ ಬರೆದೆ ಅಂತ.

ಎಕ್ಸೆಲ್‌ಪ್ರಿಯ

ಯಾವ ರೆಸ್ಯೂಮೆ ಕಳಿಸಿದಿರಿ ಅನ್ನುವುದಕ್ಕೂ ಒಂದು ಕಾಲಂ ಹಾಕಿ. ಫೋನ್ ಬಂದಾಗ ಅದೇ ಬೇಕಾಗುತ್ತದೆ.

ಹೊಸಪುಟ

ಮಧ್ಯೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನಾನು ಕಂಪನಿಗೆ ನೇರ ಅಲ್ಲ, ಒಂದು ಏಜೆನ್ಸಿ ಮೂಲಕ ಅರ್ಜಿ ಹಾಕಿದ್ದೇನೆ. ಏಜೆನ್ಸಿಯವರು ಫೋನ್ ಎತ್ತುತ್ತಿಲ್ಲ. ಕಂಪನಿಗೇ ಬರೆಯಬಹುದಾ?

ಕಡತವಾಸಿ

ಈಗಲೇ ಬೇಡ. ನಿಮ್ಮ ರೆಸ್ಯೂಮೆ ಏಜೆನ್ಸಿ ಹೆಸರಿನಲ್ಲಿ ಬಂದಿದ್ದರೆ, ನೀವೂ ನೇರ ಬಂದರೆ, ಏಜೆನ್ಸಿ ಶುಲ್ಕ ಯಾರಿಗೆ ಕೊಡಬೇಕು ಅನ್ನುವ ತಕರಾರು ಹುಟ್ಟುತ್ತದೆ. ಆ ತಲೆನೋವು ಬೇಡ ಅಂತ ಇಬ್ಬರನ್ನೂ ಬಿಡುವ ಕಂಪನಿಗಳಿವೆ. ಮೊದಲು ಏಜೆನ್ಸಿಗೆ ಮೇಲ್ ಮಾಡಿ ಒಂದೇ ಪ್ರಶ್ನೆ ಕೇಳಿ: ನನ್ನ ರೆಸ್ಯೂಮೆಯನ್ನು ಕಂಪನಿಗೆ ಕಳಿಸಿದ್ದೀರಾ, ಯಾವ ದಿನ? ಕಳಿಸಿಲ್ಲ ಅಂತ ಬರಹದಲ್ಲಿ ಬಂದರೆ ನೀವು ನೇರ ಅರ್ಜಿ ಹಾಕಬಹುದು.

ಹೊಸಪುಟ

ಇವತ್ತೇ ಕೇಳುತ್ತೇನೆ ಸರ್.